ಮೈಲಾಟಿಯ ಮಹಾ ಬ್ಯಾಟರಿ: ಕೂದಲಿಗಿಂತ ತೆಳುವಾದ ಪದರದ ಮೇಲೆ ನಿಂತ ಸುರಕ್ಷೆ

ಕಾಸರಗೋಡು: ಕೇರಳ ವಿದ್ಯುತ್ ಮಂಡಳಿಯ ಮೊದಲ ಬೃಹತ್ ಬ್ಯಾಟರಿ ಸಂಗ್ರಹಾಗಾರಕ್ಕೆ ಜಾಗ ಗೊತ್ತಾಗಿರುವುದು ನಮ್ಮ ಜಿಲ್ಲೆಯ ಮೈಲಾಟಿಯಲ್ಲಿ. ಕರ್ನಾಟಕದ ಕೊಣಾಜೆಯ ಜೊತೆ ಲೈನ್ ಸಂಪರ್ಕವಿರುವ ಅದೇ 220 ಕೆವಿ ಸಬ್‌ಸ್ಟೇಷನ್ ಬಳಿ ಇದು ಬರಲಿದೆ. ಎನ್‌ಎಚ್‌ಪಿಸಿ ಮೂಲಕ ಕರೆದ ಟೆಂಡರಿನಲ್ಲಿ 2025ರಲ್ಲಿ ಕೆಲಸ ಜೆಎಸ್‌ಡಬ್ಲ್ಯು ಎನರ್ಜಿ ಸಂಸ್ಥೆಗೆ ಸಿಕ್ಕಿತು. ಸಾಮರ್ಥ್ಯ 125 ಮೆಗಾವ್ಯಾಟ್. ಸತತ ನಾಲ್ಕು ಗಂಟೆ ಕರೆಂಟು ಕೊಡಬಲ್ಲದು, ಅಂದರೆ ಒಟ್ಟು 500 ಮೆಗಾವ್ಯಾಟ್ ಅವರ್. ನಮ್ಮ ಕರೆಂಟು ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ 5 ಲಕ್ಷ ಯೂನಿಟ್. ಒಂದು ಮನೆಗೆ ದಿನಕ್ಕೆ 5 ಯೂನಿಟ್ ಬೇಕೆಂದು ಲೆಕ್ಕ ಹಿಡಿದರೆ ಒಂದು ಲಕ್ಷ ಮನೆಗಳ ಒಂದು ದಿನದ ಕರೆಂಟು!

ಇಷ್ಟು ದೊಡ್ಡ ಬ್ಯಾಟರಿ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಪೈವಳಿಕೆಯ ಗುಡ್ಡೆ ಮೇಲೆಯೇ ಇದೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ ಹರಡಿರುವ 50 ಮೆಗಾವ್ಯಾಟ್ ಸೋಲಾರ್ ಘಟಕವನ್ನು ಪ್ರಧಾನಿಯವರು 2021ರ ಫೆಬ್ರವರಿ 19ರಂದು ಉದ್ಘಾಟಿಸಿದ್ದರು. ಹಗಲು ಹೊತ್ತು ಅಲ್ಲಿ ಕರೆಂಟು ಸುರಿಯುತ್ತದೆ. ಆದರೆ ಕೇರಳಕ್ಕೆ ಕರೆಂಟಿನ ಬರ ಬೀಳುವುದು ಹೊತ್ತು ಮುಳುಗಿದ ಮೇಲೆ. 2024ರ ಬೇಸಗೆಯಲ್ಲಿ ರಾಜ್ಯದ ರಾತ್ರಿ ಬೇಡಿಕೆ 5,700 ಮೆಗಾವ್ಯಾಟ್ ದಾಟಿತ್ತು. ಹಗಲಿನ ಅಗ್ಗದ ಕರೆಂಟನ್ನು ತುಂಬಿಸಿಟ್ಟು ರಾತ್ರಿ ಕೊಡುವುದೇ ಮೈಲಾಟಿಯ ಕೆಲಸ. ಯೋಜನೆ ಒಳ್ಳೆಯದೇ, ಅದರಲ್ಲಿ ಸಂಶಯವಿಲ್ಲ.

ಆದರೆ ಊರಲ್ಲಿ ಜನರು ಕೇಳುತ್ತಿರುವ ಪ್ರಶ್ನೆ ಬೇರೆ. ಇಷ್ಟು ದೊಡ್ಡ ಬ್ಯಾಟರಿ ಹೊತ್ತಿಕೊಂಡರೆ ಏನು ಗತಿ? ಅಂಗಳದಲ್ಲಿ ನಿಲ್ಲಿಸಿದ ಎಲೆಕ್ಟ್ರಿಕ್ ಸ್ಕೂಟರ್, ಕರೆಂಟು ಕಂಬದ ಪಾಯಿಂಟಿನಿಂದ ಚಾರ್ಜ್ ಆಗುವ ರಿಕ್ಷಾ, ತಲೆದಿಂಬಿನ ಅಡಿಯ ಮೊಬೈಲ್... ಇವೆಲ್ಲದರೊಳಗೆ ಇರುವುದೂ ಅದೇ ಜಾತಿಯ ಬ್ಯಾಟರಿ ತಾನೇ? ಈ ಪ್ರಶ್ನೆಯನ್ನು ನಕ್ಕು ತಳ್ಳಿ ಹಾಕುವ ಹಾಗಿಲ್ಲ.

'ಸುರಕ್ಷಿತ' ಎಂಬ ಮಾತು ಮತ್ತು ಕಾಸರಗೋಡು

ತಳ್ಳಿ ಹಾಕುವ ಹಾಗಿಲ್ಲ ಎನ್ನಲು ಒಂದು ಕಾರಣ ಈ ಜಿಲ್ಲೆಯ ಚರಿತ್ರೆಯಲ್ಲಿದೆ. ಎಣ್ಮಕಜೆಯ ಪಡ್ರೆಯಿಂದ ಹಿಡಿದು ತೆಂಕಣದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದ ಎರಡು ದಶಕಗಳಲ್ಲಿ ಜನರಿಗೆ ಕೇಳಿ ಬಂದದ್ದು 'ಸುರಕ್ಷಿತ' ಎಂಬ ಒಂದೇ ಪದ. ಸುಪ್ರೀಂ ಕೋರ್ಟು 2011ರಲ್ಲಿ ನಿಷೇಧದ ಆದೇಶ ಕೊಡುವ ಹೊತ್ತಿಗೆ ಮನೆ ಮನೆಗಳಲ್ಲಿ ಆಗಬಾರದ್ದು ಆಗಿ ಹೋಗಿತ್ತು. ಬ್ಯಾಟರಿಯನ್ನೂ ಎಂಡೋಸಲ್ಫಾನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಒಂದು ವಿಷ, ಇನ್ನೊಂದು ನಾವು ದಿನವೂ ಬಳಸುವ ಸಲಕರಣೆ. ಆದರೆ 'ಸುರಕ್ಷಿತ' ಎಂದು ಯಾರೇ ಹೇಳಿದರೂ 'ಹೇಗೆ?' ಎಂದು ತಿರುಗಿ ಕೇಳುವ ಹಕ್ಕನ್ನು ಈ ಜಿಲ್ಲೆಯ ಜನ ದುಬಾರಿ ಬೆಲೆ ತೆತ್ತು ಸಂಪಾದಿಸಿದ್ದಾರೆ. ಕೇಳಬೇಕಿದ್ದರೆ ಮೊದಲು ಬ್ಯಾಟರಿಯ ಒಳಗೆ ಏನಿದೆ ಎಂದು ತಿಳಿದಿರಬೇಕು.

ಒಳಗೆ ಏನಿದೆ?

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು 1991ರಲ್ಲಿ ಜಪಾನಿನ ಸೋನಿ ಸಂಸ್ಥೆ. ಇದಕ್ಕೆ ಬುನಾದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಒಳಗಿನ ಏರ್ಪಾಡು ಕೇಳಿದರೆ ಸರಳವೇ. ಒಂದು ಕಡೆ ಧನ ಧ್ರುವ, ಇನ್ನೊಂದು ಕಡೆ ಋಣ ಧ್ರುವ. ಎರಡೂ ಕಾಗದದಂತೆ ತೆಳುವಾದ ಲೋಹದ ಹಾಳೆಗೆ ಪುಡಿ ಬಳಿದು ಮಾಡಿದವು. ಚಾರ್ಜ್ ಮಾಡುವಾಗ ಲಿಥಿಯಂನ ಅಯಾನುಗಳು ಈಚೆಯಿಂದ ಆಚೆಗೆ ಹೋಗುತ್ತವೆ, ಬಳಸುವಾಗ ಆಚೆಯಿಂದ ಈಚೆಗೆ ಬರುತ್ತವೆ. ಅವು ಈಜಿ ದಾಟಲು ನಡುವೆ ಒಂದು ದ್ರವ ಇದೆ. ಸೀಮೆಎಣ್ಣೆಯಂತೆ ಹೊತ್ತಿ ಉರಿಯುವ ಗುಣ ಈ ದ್ರವಕ್ಕೂ ಉಂಟು.

ಎರಡು ಧ್ರುವಗಳು ಒಂದಕ್ಕೊಂದು ತಾಗಿದರೆ ಒಳಗೇ ಶಾರ್ಟ್ ಆಗುತ್ತದೆ. ತಾಗದಂತೆ ನಡುವೆ ಹಾಸಿರುವ ಪ್ಲಾಸ್ಟಿಕ್ ಪೊರೆಗೆ ಸೆಪರೇಟರ್ ಎಂದು ಹೆಸರು. ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನಿನಿಂದ ಮಾಡಿದ ಈ ಪೊರೆಯ ದಪ್ಪ ಸಾಮಾನ್ಯವಾಗಿ 9ರಿಂದ 25 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಅಂದರೆ ಕೂದಲಿನ ಮೂರನೇ ಒಂದು ಪಾಲಿಗಿಂತಲೂ ಹೆಚ್ಚಿನವು ತೆಳು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಪೊರೆಯ ಸುಮಾರು 40 ಶೇಕಡಾ ಭಾಗ ಬರಿಯ ತೂತೇ. ಕಷಾಯ ಸೋಸುವ ಬಟ್ಟೆಯಂತೆ ಇದು ಅಯಾನುಗಳನ್ನು ಬಿಡುತ್ತದೆ, ಧ್ರುವಗಳನ್ನು ತಾಗಗೊಡುವುದಿಲ್ಲ.

ಈ ಪೊರೆ ಎಷ್ಟು ಬೇಕಾಗುತ್ತದೆ ಗೊತ್ತೇ? ಒಂದು ಗಿಗಾವ್ಯಾಟ್ ಅವರ್ ಬ್ಯಾಟರಿಗೆ ಒಂದು ಕೋಟಿ ಚದರ ಮೀಟರಿಗೆ ಕಡಿಮೆ ಇಲ್ಲ ಎಂಬುದು ಉದ್ಯಮದ ಸಾಮಾನ್ಯ ಲೆಕ್ಕ. ಮೈಲಾಟಿಯದ್ದು ಅದರ ಅರ್ಧ. ಅಂದರೆ ಕಡಿಮೆಯೆಂದರೂ 50 ಲಕ್ಷ ಚದರ ಮೀಟರ್, 1,200 ಎಕರೆಗೂ ಮಿಕ್ಕಿ! ಪೈವಳಿಕೆಯ ಸೋಲಾರ್ ಘಟಕದ ಜಾಗದಂತಹ ಐದು ಜಾಗಗಳನ್ನು ಮುಚ್ಚುವಷ್ಟು ದೊಡ್ಡ ಪೊರೆ ಸುರುಳಿಗಳಾಗಿ, ಮಡಿಕೆಗಳಾಗಿ ಪೆಟ್ಟಿಗೆಗಳೊಳಗೆ ಕೂರುತ್ತದೆ. ಅಷ್ಟು ಅಗಲದ ಪೊರೆಯಲ್ಲಿ ಎಲ್ಲೋ ಒಂದು ಕಡೆ ಸೂಜಿಮೊನೆಯಷ್ಟು ದೋಷ ಇದ್ದರೂ ಸಾಕು. ಬ್ಯಾಟರಿಯ ಬೆಂಕಿ ಸುದ್ದಿಗಳಲ್ಲಿ ಹಲವು ಇಂಥ ಕಡೆಯಿಂದಲೇ ಹುಟ್ಟಿದವು.

ಹೊತ್ತಿಕೊಳ್ಳುವುದು ಹೇಗೆ?

2006ರ ಆಗಸ್ಟಿನಲ್ಲಿ ಡೆಲ್ ಕಂಪೆನಿ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸು ಕರೆಸಿಕೊಂಡಿತು. ತಯಾರಿಯ ವೇಳೆ ಸೆಲ್ಲಿನೊಳಗೆ ಸೇರಿಕೊಂಡ ಲೋಹದ ಕಣಗಳು ಕಾರಣ. 2016ರಲ್ಲಿ ಸ್ಯಾಮ್‌ಸಂಗಿನ ನೋಟ್ 7 ಫೋನುಗಳು ಹೊತ್ತಿಕೊಂಡವು. ತನಿಖೆಯಲ್ಲಿ ಕಂಡದ್ದು ಒಂದು ಬಗೆಯ ಸೆಲ್ಲಿನ ಮೂಲೆಯಲ್ಲಿ ಬಾಗಿದ ಧ್ರುವ, ಇನ್ನೊಂದು ಬಗೆಯ ಸೆಲ್ಲಿನಲ್ಲಿ ವೆಲ್ಡಿಂಗಿನ ಮುಳ್ಳು. ಮೂರೂ ಕಡೆ ಪೆಟ್ಟು ಬಿದ್ದದ್ದು ನಡುವಿನ ಪೊರೆಗೆ.

ಪೊರೆ ಹರಿಯುವುದು ಒಂದು ದಾರಿ. ಪೊರೆ ಸುರುಟಿಕೊಳ್ಳುವುದು ಇನ್ನೊಂದು ದಾರಿ, ಇದು ಹೆಚ್ಚು ಅಪಾಯದ್ದು. ಪ್ಲಾಸ್ಟಿಕ್ ತೊಟ್ಟೆಯನ್ನು ಬಿಸಿ ಕಾವಲಿಯ ಹತ್ತಿರ ಹಿಡಿದರೆ ಅದು ಸುರುಟಿ ಮುದ್ದೆಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಬ್ಯಾಟರಿಯೊಳಗಿನ ಪೊರೆಯದ್ದೂ ಅದೇ ಪಾಡು. ಪಾಲಿಎಥಿಲೀನ್ ಸುಮಾರು 135 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಯಲ್ಲಿ ಕರಗುತ್ತದೆ. ಕರಗುವಾಗ ತೂತುಗಳು ಮುಚ್ಚಿ ಹೋಗಿ ಅಯಾನುಗಳ ಓಡಾಟ ನಿಲ್ಲುವುದರಿಂದ ಒಂದು ಉಪಕಾರ ಉಂಟು. ಬಿಸಿ ಅಲ್ಲಿಗೇ ನಿಂತರೆ ಬಚಾವ್. ನಿಲ್ಲದಿದ್ದರೆ ಪೊರೆ ಕುಗ್ಗುತ್ತದೆ, ಅಂಚಿನಲ್ಲಿ ಎರಡು ಧ್ರುವಗಳು ಬೆತ್ತಲೆಯಾಗಿ ಒಂದಕ್ಕೊಂದು ತಾಗುತ್ತವೆ. ಆಮೇಲೆ ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲನ್ನು ಸುಡುತ್ತದೆ, ಅದು ಅದರ ಪಕ್ಕದ್ದನ್ನು. ಬೇಸಗೆಯಲ್ಲಿ ಗುಡ್ಡೆಯ ಮುಳಿಹುಲ್ಲಿಗೆ ಬೆಂಕಿ ಬಿದ್ದ ಹಾಗೆ.

ನಮ್ಮ ದೇಶದಲ್ಲಿ 2022 ಇಂಥ ಸುದ್ದಿಗಳ ವರ್ಷವಾಗಿತ್ತು. ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಚಾರ್ಜಿಗಿಟ್ಟ ಸ್ಕೂಟರ್ ಹೊತ್ತಿಕೊಂಡು ಹೊಗೆಯಲ್ಲಿ ಉಸಿರುಗಟ್ಟಿ ತಂದೆ ಮಗಳು ತೀರಿಕೊಂಡರು. ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಕೆಳಗಡೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಂ, ಮೇಲ್ಗಡೆ ಲಾಡ್ಜ್ ಇದ್ದ ಕಟ್ಟಡದಲ್ಲಿ ಬೆಂಕಿ ಎದ್ದು ಎಂಟು ಜನ ಸತ್ತರು. ಅಲ್ಲಿಯೂ ಹೊಗೆ ಮೆಟ್ಟಿಲ ದಾರಿಯಲ್ಲೇ ಮೇಲೇರಿತ್ತು.

ಹುಲ್ಲಿನ ಮಾಡಿಗೆ ಹಂಚು

ಹಾಗಾದರೆ ಪೊರೆ ಸುರುಟದಂತೆ ಮಾಡಲು ಸಾಧ್ಯವಿಲ್ಲವೇ? ಈ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡ ಉತ್ತರ ನಮ್ಮ ಸೀಮೆಯವರಿಗೆ ಹೊಸದೇನಲ್ಲ. ಮುಳಿಹುಲ್ಲಿನ ಮಾಡು ಬೆಂಕಿಗೆ ತುತ್ತಾಗುತ್ತಿದ್ದ ಕಾಲದಲ್ಲಿ, 1865ರಲ್ಲಿ, ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಮಣ್ಣು ಒಮ್ಮೆ ಸುಟ್ಟು ಗಟ್ಟಿಯಾದರೆ ಮತ್ತೆ ಬೆಂಕಿಗೆ ಹೆದರುವುದಿಲ್ಲ. ಬ್ಯಾಟರಿಯ ಪೊರೆಗೂ ಈಗ ಇದೇ ಉಪಾಯ. ಪ್ಲಾಸ್ಟಿಕ್ ಪೊರೆಯ ಒಂದು ಮಗ್ಗುಲಿಗೆ ಅಥವಾ ಎರಡೂ ಮಗ್ಗುಲಿಗೆ ಸೆರಾಮಿಕ್ ಪುಡಿಯ ತೆಳು ಲೇಪ. ಇದನ್ನೇ ಸೆರಾಮಿಕ್ ಲೇಪಿತ ಸೆಪರೇಟರ್ ಎನ್ನುತ್ತಾರೆ.

ಲೇಪಕ್ಕೆ ಹೆಚ್ಚಾಗಿ ಬಳಸುವುದು ಅಲ್ಯುಮಿನಾ, ಇಲ್ಲವೇ ಅದರ ಸಂಬಂಧಿಯಾದ ಬೋಮೈಟ್. ಅಲ್ಯುಮಿನಾ ಕರಗಬೇಕಿದ್ದರೆ 2,000 ಡಿಗ್ರಿ ದಾಟಬೇಕು. ಮೈಕ್ರಾನಿಗಿಂತಲೂ ನುಣ್ಣಗಿನ ಈ ಪುಡಿಯನ್ನು ಅಂಟಿನ ಜೊತೆ ಕಲಸಿ 2ರಿಂದ 4 ಮೈಕ್ರಾನ್ ದಪ್ಪಕ್ಕೆ ಬಳಿದು ಒಣಗಿಸುತ್ತಾರೆ. ಆಗ ಏನಾಗುತ್ತದೆ? ಪ್ಲಾಸ್ಟಿಕ್ ಮೆತ್ತಗಾದರೂ ಮೇಲಿನ ಸೆರಾಮಿಕ್ ಪದರ ಅದನ್ನು ಎಳೆದು ಹಿಡಿದು ನಿಲ್ಲಿಸುತ್ತದೆ. ತೂತುಗಳು ಮುಚ್ಚಿಕೊಳ್ಳುತ್ತವೆ, ಆದರೆ ಪೊರೆ ಸುಲಭವಾಗಿ ಕುಗ್ಗುವುದಿಲ್ಲ. ಕರೆಂಟು ನಿಲ್ಲುತ್ತದೆ, ಗೋಡೆ ಬೀಳುವುದಿಲ್ಲ.

ಲಾಭ ಸುರಕ್ಷೆಯೊಂದೇ ಅಲ್ಲ. ಬರಿಯ ಪ್ಲಾಸ್ಟಿಕ್ ಮೇಲೆ ಆ ದ್ರವ ಕೆಸುವಿನೆಲೆ ಮೇಲಿನ ನೀರಿನಂತೆ ಸರಿಯಾಗಿ ಹರಡುವುದಿಲ್ಲ. ಸೆರಾಮಿಕ್ ಪದರ ಅದನ್ನು ಹೀರಿಕೊಂಡು ಎಲ್ಲ ಕಡೆ ಸಮವಾಗಿ ಹಿಡಿದಿಡುತ್ತದೆ. ಅಯಾನುಗಳ ಓಡಾಟ ಸಮವಾದರೆ ಬ್ಯಾಟರಿಯ ಬಾಳಿಕೆಯೂ ಹೆಚ್ಚು. ಜೋರಾಗಿ ಚಾರ್ಜ್ ಮಾಡುವಾಗ ಲಿಥಿಯಂ ಕೆಲವೊಮ್ಮೆ ಮುಳ್ಳಿನಂತೆ ಬೆಳೆದು ಪೊರೆಯನ್ನು ಚುಚ್ಚುತ್ತದೆ. ಗಟ್ಟಿ ಲೇಪ ಅದಕ್ಕೂ ಸ್ವಲ್ಪ ಅಡ್ಡಿ. ಧನ ಧ್ರುವದ ಕಡೆಗೆ ಲೇಪ ಇದ್ದರೆ ಹೆಚ್ಚಿನ ವೋಲ್ಟೇಜಿನಿಂದ ಪ್ಲಾಸ್ಟಿಕ್ ಹಾಳಾಗುವುದೂ ತಗ್ಗುತ್ತದೆ.

ಈ ಲೇಪದ ಬೆಲೆ ಎಷ್ಟೆಂದು ತಿಳಿಯಲು ಕೊರಿಯಾದ ಕಂಪೆನಿಗಳ ಜಗಳ ನೋಡಿದರೆ ಸಾಕು. ಎಲ್‌ಜಿ ಮತ್ತು ಎಸ್‌ಕೆ ಸಂಸ್ಥೆಗಳ ನಡುವೆ ಲೇಪಿತ ಸೆಪರೇಟರಿನ ಪೇಟೆಂಟಿಗಾಗಿ 2011ರಲ್ಲಿ ಶುರುವಾದ ವ್ಯಾಜ್ಯ ಬೆಳೆದು, ವ್ಯಾಪಾರ ರಹಸ್ಯ ಕದ್ದ ಆರೋಪದ ಮೊಕದ್ದಮೆಯೂ ಸೇರಿ ಅಮೆರಿಕದ ತನಕ ಹೋಯಿತು. 2021ರ ಏಪ್ರಿಲಿನಲ್ಲಿ ಎಸ್‌ಕೆ ಎರಡು ಲಕ್ಷ ಕೋಟಿ ವೋನ್ ಕೊಡಲು ಒಪ್ಪಿದ ಮೇಲೆ ರಾಜಿಯಾಯಿತು.

ಇದು ಮಂತ್ರಿಸಿದ ತಾಯತವಲ್ಲ

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. 'ನಮ್ಮ ಬ್ಯಾಟರಿಯಲ್ಲಿ ಸೆರಾಮಿಕ್ ಇದೆ, ಹೊತ್ತಿಕೊಳ್ಳುವುದೇ ಇಲ್ಲ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಂಚಿನ ಮನೆಗೂ ಬೆಂಕಿ ಬಿದ್ದದ್ದುಂಟು. ಲೇಪ ಇದ್ದರೂ ಒಳಗಿನ ದ್ರವ ಉರಿಯುವಂಥದ್ದೇ. ಮಿತಿ ಮೀರಿ ಚಾರ್ಜ್ ಮಾಡಿದರೆ, ಅಪಘಾತದಲ್ಲಿ ಬ್ಯಾಟರಿ ಜಜ್ಜಿದರೆ, ಮೊಳೆಯಂಥದ್ದು ಹೊಕ್ಕರೆ ಲೇಪದಿಂದ ಪೂರ್ತಿ ರಕ್ಷಣೆ ಸಿಗದು. ಲೇಪಕ್ಕೆ ತನ್ನದೇ ತೊಂದರೆಗಳೂ ಇವೆ. ಅಂಟು ಸರಿಯಿಲ್ಲದಿದ್ದರೆ ಪುಡಿ ಉದುರುತ್ತದೆ. ಸೆರಾಮಿಕ್ ಗಾಳಿಯ ತೇವ ಹೀರುವ ಜಾತಿ; ಒಣಗಿಸುವುದರಲ್ಲಿ ಉದಾಸೀನ ಮಾಡಿದರೆ ಆ ತೇವವೇ ಸೆಲ್ಲನ್ನು ಹಾಳು ಮಾಡುತ್ತದೆ. ಖರ್ಚೂ ಹೆಚ್ಚು, ದಪ್ಪವೂ ಹೆಚ್ಚು.

ಹಾಗಾದರೆ ಲೇಪದಿಂದ ನಿಜವಾಗಿ ಸಿಗುವುದೇನು? ಸಮಯ! ಬಿಸಿಯೇರಲು ಶುರುವಾದ ಸೆಲ್ ಕೈಮೀರುವ ಮೊದಲು ಸಿಗುವ ಒಂದಿಷ್ಟು ಹೊತ್ತು. ಆ ಹೊತ್ತಿನಲ್ಲಿ ಬ್ಯಾಟರಿಯ ನಿಯಂತ್ರಣ ವ್ಯವಸ್ಥೆ ಬಿಸಿಯನ್ನು ಗುರುತಿಸಿ ಕರೆಂಟು ಕಡಿಯಬೇಕು, ಎಚ್ಚರಿಕೆ ಕೊಡಬೇಕು, ಮನೆಯವರು ಹೊರಗೆ ಓಡಬೇಕು, ಫಯರ್ ಫೋರ್ಸ್ ಬರಬೇಕು. ಸೆರಾಮಿಕ್ ತಂದುಕೊಟ್ಟ ಸಮಯವನ್ನು ಉಳಿದವರು ಹಾಳು ಮಾಡಿದರೆ ಲೇಪ ಇದ್ದೂ ಇಲ್ಲದಂತೆ.

2022ರ ಅನಾಹುತಗಳ ನಂತರ ಕೇಂದ್ರ ಸರಕಾರ ಇದೇ ದಿಕ್ಕಿನಲ್ಲಿ ನಿಯಮ ಬಿಗಿ ಮಾಡಿತು. ಸ್ಕೂಟರ್ ಮತ್ತು ರಿಕ್ಷಾಗಳಿಗೆ ಅನ್ವಯಿಸುವ ಎಐಎಸ್-156 ಮಾನದಂಡದ ತಿದ್ದುಪಡಿ 2022ರ ಡಿಸೆಂಬರ್ 1ರಿಂದ ಮೊದಲ ಹಂತದಲ್ಲಿ, 2023ರ ಮಾರ್ಚ್ 31ರಿಂದ ಎರಡನೇ ಹಂತದಲ್ಲಿ ಜಾರಿಗೆ ಬಂತು. ಒಂದು ಸೆಲ್ಲಿನ ಬಿಸಿ ಇಡೀ ಬ್ಯಾಟರಿಗೆ ಹರಡುತ್ತದೆಯೇ ಎಂಬ ಪರೀಕ್ಷೆ, ನಿಯಂತ್ರಣ ವ್ಯವಸ್ಥೆ, ನೀರು ಒಳಗೆ ಹೋಗದ ಕವಚ ಇವೆಲ್ಲ ಅದರಲ್ಲಿವೆ. ಒಳ್ಳೆಯ ಹೆಜ್ಜೆಯೇ. ಆದರೆ ಆ ಮೊದಲೇ ಮಾರಾಟವಾದ ಗಾಡಿಗಳು ರಸ್ತೆಯಲ್ಲಿ ಉಳಿದವು. ಹಳೆಯ ಬ್ಯಾಟರಿ ಬಿಚ್ಚಿ ಸಿಕ್ಕಿದ ಸೆಲ್ ಜೋಡಿಸಿ ಕೊಡುವ ಅಗ್ಗದ ರಿಪೇರಿಗೆ ಮಾನದಂಡ ಇದೆಯೇ ಎಂದು ನೋಡುವವರಾರು? ಅಂಥ ಸೆಲ್ಲಿನೊಳಗಿನ ಪೊರೆಗೆ ಲೇಪ ಇದೆಯೋ ಇಲ್ಲವೋ ಎಂಬುದು ಜೋಡಿಸಿದವನಿಗೂ ತಿಳಿದಿರುವುದಿಲ್ಲ.

ಮೈಲಾಟಿಯಲ್ಲಿ ಕೇಳಬೇಕಾದದ್ದು

ದೊಡ್ಡ ಸಂಗ್ರಹಾಗಾರಗಳ ವಿಚಾರಕ್ಕೆ ಬರೋಣ. 2025ರ ಜನವರಿ 16ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಎಂಬಲ್ಲಿ 300 ಮೆಗಾವ್ಯಾಟಿನ ಬ್ಯಾಟರಿ ಕೇಂದ್ರ ಹೊತ್ತಿ ಉರಿಯಿತು. ಸಾವಿರಕ್ಕೂ ಹೆಚ್ಚು ಜನರನ್ನು ಮನೆಗಳಿಂದ ತೆರವು ಮಾಡಬೇಕಾಯಿತು, ಹೆದ್ದಾರಿ ಮುಚ್ಚಿತು. ಅಲ್ಲಿ ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದೊಳಗೆ ಒಂದರ ಪಕ್ಕ ಒಂದು ಬ್ಯಾಟರಿ ಒಟ್ಟಿದ್ದರು. ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಜಾತಿಯ ಬ್ಯಾಟರಿ; ಬಿಸಿಯಾದರೆ ಬೇಗ ಕೆರಳುವಂಥದ್ದು. ಈಗ ದೊಡ್ಡ ಸಂಗ್ರಹಾಗಾರಗಳಿಗೆ ಹೆಚ್ಚಾಗಿ ಬಳಸುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಇದು ಹೆಚ್ಚಿನ ಬಿಸಿ ತಾಳುತ್ತದೆ. ಬ್ಯಾಟರಿಗಳನ್ನು ಬಯಲಿನಲ್ಲಿ ಅಂತರ ಬಿಟ್ಟು ಬೇರೆ ಬೇರೆ ಕಂಟೈನರುಗಳಲ್ಲಿ ಇಡುವುದೂ ಈಗಿನ ಕ್ರಮ. ಒಂದು ಉರಿದರೂ ಅದು ಒಂದರಲ್ಲೇ ಮುಗಿಯಬೇಕೆಂಬ ಲೆಕ್ಕಾಚಾರ.

ಹಾಗಾಗಿ ಮೈಲಾಟಿ ಪರಿಸರದ ಜನರೂ ಜನಪ್ರತಿನಿಧಿಗಳೂ ಹೆದರಿ ವಿರೋಧಿಸುವುದಕ್ಕಿಂತ, ಇಲ್ಲವೇ ನಂಬಿ ಸುಮ್ಮನಿರುವುದಕ್ಕಿಂತ, ನಾಲ್ಕು ಪ್ರಶ್ನೆ ಕೇಳುವುದು ಮೇಲು. ಒಂದು, ಯಾವ ಜಾತಿಯ ಸೆಲ್, ಸೆಪರೇಟರಿಗೆ ಸೆರಾಮಿಕ್ ಲೇಪ ಇದೆಯೇ? ಎರಡು, ಬೆಂಕಿ ಹರಡುವಿಕೆಯನ್ನು ಅಳೆಯುವ ಯುಎಲ್ 9540ಎ ಪರೀಕ್ಷೆ ಆಗಿದೆಯೇ, ಅದರ ವರದಿಯನ್ನು ಪಂಚಾಯತಿಗೆ ಕೊಡುತ್ತೀರಾ? ಮೂರು, ಕಂಟೈನರುಗಳ ನಡುವಿನ ಅಂತರ ಎಷ್ಟು, ಮನೆಗಳಿಂದ ಎಷ್ಟು ದೂರ, ನೀರಿನ ಸಂಗ್ರಹ ಎಷ್ಟು, ಬೆಂಕಿ ನಂದಿಸಿದ ನೀರು ಹರಿದು ಬಾವಿಗಳಿಗೆ ಸೇರದಂತೆ ಏನು ವ್ಯವಸ್ಥೆ? ನಾಲ್ಕು, ಜಿಲ್ಲೆಯ ಫಯರ್ ಫೋರ್ಸಿಗೆ ಇಂಥ ಬೆಂಕಿಯ ತರಬೇತಿ ಕೊಟ್ಟಿದ್ದೀರಾ?

2019ರ ಏಪ್ರಿಲಿನಲ್ಲಿ ಅಮೆರಿಕದ ಅರಿಜೋನಾದಲ್ಲಿ ಬ್ಯಾಟರಿ ಕೇಂದ್ರವೊಂದರ ಬಾಗಿಲು ತೆರೆದಾಗ ಒಳಗೆ ತುಂಬಿದ್ದ ಅನಿಲ ಸ್ಫೋಟಿಸಿ ಅಗ್ನಿಶಾಮಕ ಸಿಬ್ಬಂದಿ ಗಾಯಗೊಂಡ ಪ್ರಕರಣ ನೆನಪಿರಲಿ. ಬೆಂಕಿ ಆರಿಸಲು ಹೋಗುವವರ ಜೀವವೂ ಜೀವವೇ.

ಇದಕ್ಕೆ ಐದನೆಯ ಪ್ರಶ್ನೆಯೊಂದನ್ನು ಗಡಿನಾಡಿನವರು ಸೇರಿಸಬೇಕು. ಎಚ್ಚರಿಕೆ ಫಲಕ, ತುರ್ತು ಸೂಚನೆ, ಸ್ಕೂಟರ್ ಚಾರ್ಜಿಂಗ್ ಬಗ್ಗೆ ಮಂಡಳಿ ಹೊರಡಿಸುವ ಕರಪತ್ರ, ಇವು ಮಲಯಾಳದ ಜೊತೆ ಕನ್ನಡದಲ್ಲೂ ಇರುತ್ತವೆಯೇ? ಮಂಜೇಶ್ವರ, ಕಾಸರಗೋಡು ತಾಲೂಕುಗಳ ಹಿರಿಯರಲ್ಲಿ ಮಲಯಾಳ ಮಾತಾಡಬಲ್ಲ, ಆದರೆ ಓದಲು ಬಾರದವರು ಎಷ್ಟಿಲ್ಲ? ಬೆಂಕಿ ಬಿದ್ದಾಗ ಫಲಕ ಓದಿಸಿಕೊಳ್ಳಲು ಪಕ್ಕದ ಮನೆಗೆ ಓಡುವುದಕ್ಕಾಗುತ್ತದೆಯೇ?

ನಮ್ಮ ಗುಡ್ಡೆಯ ಮಣ್ಣು

ಇನ್ನೊಂದು ವಿಷಯ ಈ ಜಿಲ್ಲೆಯವರು ಮರೆಯಬಾರದ್ದು. ಸೆರಾಮಿಕ್ ಲೇಪದ ಅಲ್ಯುಮಿನಾ ಬರುವುದು ಬಾಕ್ಸೈಟ್ ಅದಿರಿನಿಂದ. ಬಾಕ್ಸೈಟ್ ಇರುವ ಕೇರಳದ ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ನಮ್ಮ ಮುರಕಲ್ಲಿನ ಪಾರೆಗಳ ಅಡಿಯಲ್ಲೇ ಅದು ಇದೆ. ಕಿನಾನೂರು-ಕರಿಂದಳಂ ಪಂಚಾಯತಿನ ಕಡಲಾಡಿಪ್ಪಾರೆಯಲ್ಲಿ ಗಣಿಗಾರಿಕೆಯ ಪ್ರಸ್ತಾಪ ಬಂದಾಗ ಊರವರು ಎದ್ದು ನಿಂತು ವಿರೋಧಿಸಿದ್ದು ಹಲವರಿಗೆ ನೆನಪಿರಬಹುದು. ಇನ್ನು ಮುಂದೆ 'ಬ್ಯಾಟರಿಗೆ ಬೇಕು, ಹಸಿರು ಇಂಧನಕ್ಕೆ ಬೇಕು' ಎಂಬ ಹೊಸ ಮಾತಿನೊಂದಿಗೆ ಪಾರೆಗಳತ್ತ ಯಾರಾದರೂ ಬಂದರೆ ಏನು ಹೇಳಬೇಕು?

ಒಂದು ಲೆಕ್ಕ ಮಾಡಿ ನೋಡೋಣ. ಲೇಪ ಒಂದು ಚದರ ಮೀಟರಿಗೆ 5 ಗ್ರಾಂ ಎಂದು ಇಟ್ಟುಕೊಂಡರೆ ಮೈಲಾಟಿಯ 50 ಲಕ್ಷ ಚದರ ಮೀಟರಿಗೆ ಬೇಕಾಗುವುದು 25 ಟನ್. ಪೊರೆ ಇದರ ಇಮ್ಮಡಿ ಬೇಕಾಯಿತೆಂದೇ ಇರಲಿ, 50 ಟನ್. ಒಂದು ಟನ್ ಅಲ್ಯುಮಿನಾಕ್ಕೆ ಎರಡರಿಂದ ಮೂರು ಟನ್ ಬಾಕ್ಸೈಟ್ ಬೇಕು. ಎಲ್ಲ ಕೂಡಿಸಿದರೂ ಕೆಲವೇ ಟಿಪ್ಪರ್ ಲಾರಿಗಳ ಲೋಡು! ಒಂದು ಲಕ್ಷ ಮನೆಗಳ ದಿನದ ಕರೆಂಟು ಹಿಡಿದಿಡುವ ಬ್ಯಾಟರಿಯ ರಕ್ಷಣೆಗೆ ಇಷ್ಟು ಸಾಕು. ಆದ್ದರಿಂದ ಸೆಪರೇಟರಿನ ಹೆಸರು ಹೇಳಿ ಗುಡ್ಡೆ ಅಗೆಯುವ ಅಗತ್ಯವೇ ಇಲ್ಲ. ಬಾಯಾರು, ಪೈವಳಿಕೆ ಕಡೆಯ ಸುರಂಗಗಳಲ್ಲಿ ಬೇಸಗೆಯಲ್ಲೂ ನೀರು ಜಿನುಗುವುದು ಈ ಮುರಕಲ್ಲು ಮಳೆನೀರು ಕುಡಿದು ಇಟ್ಟುಕೊಳ್ಳುವುದರಿಂದ. ಪಾರೆ ಹೋದರೆ ಆ ನೀರೂ ಹೋಯಿತು.

ಬೆಲೆ ಇರುವುದು ಮಣ್ಣಿಗಲ್ಲ, ಮಣ್ಣನ್ನು ಶುದ್ಧ ಮಾಡುವ ವಿದ್ಯೆಗೆ. ಬೆಳಗಾವಿಯಲ್ಲಿ ಹಿಂಡಾಲ್ಕೊ ಸಂಸ್ಥೆಯ ಅಲ್ಯುಮಿನಾ ಕಾರ್ಖಾನೆ ದಶಕಗಳಿಂದ ನಡೆಯುತ್ತಿದ್ದು, ಸೆರಾಮಿಕ್ ಮುಂತಾದ ವಿಶೇಷ ಕೆಲಸಗಳಿಗೆ ಬೇಕಾದ ಅಲ್ಯುಮಿನಾ ತಯಾರಿಸುತ್ತದೆ. ಗಡಿಯಾಚೆ ಮಂಗಳೂರಿನ ಎಂಆರ್‌ಪಿಎಲ್ 2015ರಿಂದ ಪಾಲಿಪ್ರೊಪಿಲೀನ್ ತಯಾರಿಸುತ್ತಿದೆ; ಸಾಮರ್ಥ್ಯ ವರ್ಷಕ್ಕೆ 4.4 ಲಕ್ಷ ಟನ್. ಪ್ಲಾಸ್ಟಿಕ್ ಒಂದು ಕಡೆ, ಸೆರಾಮಿಕ್ ಇನ್ನೊಂದು ಕಡೆ, ಎರಡೂ ನಮ್ಮ ಸೀಮೆಯ ಆಸುಪಾಸಿನಲ್ಲೇ ಇವೆ. ಆದರೂ ಜಗತ್ತಿನ ಸೆಪರೇಟರಿನಲ್ಲಿ ಬಹುಪಾಲು ಚೀನಾದಲ್ಲಿ ತಯಾರಾಗುತ್ತದೆ, ಉಳಿದದ್ದರಲ್ಲಿ ದೊಡ್ಡ ಪಾಲು ಜಪಾನ್ ಮತ್ತು ಕೊರಿಯಾದ್ದು. ಚೀಲ ಹೊಲಿಯುವ ಪ್ಲಾಸ್ಟಿಕಿಗೂ ಬ್ಯಾಟರಿಯ ಪ್ಲಾಸ್ಟಿಕಿಗೂ, ಟೈಲ್ಸಿನ ಪುಡಿಗೂ ಬ್ಯಾಟರಿಯ ಪುಡಿಗೂ ಶುದ್ಧತೆಯಲ್ಲಿ ಅಜಗಜಾಂತರ. ಕಬ್ಬಿಣದ ಒಂದು ಕಣ ಸೇರಿದರೂ ಕೆಲಸ ಕೆಟ್ಟಿತು. ಕೇಂದ್ರ ಸರಕಾರ ದೇಶದಲ್ಲೇ ಸೆಲ್ ತಯಾರಿಸಲು 2021ರಲ್ಲಿ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಮಂಜೂರು ಮಾಡಿತ್ತು. ಸೆಲ್ ಇಲ್ಲಿ ಜೋಡಿಸಿ ಪೊರೆಯನ್ನು ಹೊರಗಿನಿಂದ ತರಿಸಿದರೆ ಅರ್ಧ ದಾರಿ ನಡೆದಂತಾಯಿತು ಅಷ್ಟೆ.

ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆ ಉಳಿಸುವುದು ಎಷ್ಟು ಕಷ್ಟ ಎಂಬುದನ್ನು ಬೆದ್ರಡ್ಕದ ಉದಾಹರಣೆ ಹೇಳುತ್ತದೆ. ರೈಲ್ವೆಗೆ ಆಲ್ಟರ್ನೇಟರ್ ತಯಾರಿಸುತ್ತಿದ್ದ ಅಲ್ಲಿನ ಕಾರ್ಖಾನೆ 2020ರಲ್ಲಿ ಬಾಗಿಲು ಹಾಕಿ, ರಾಜ್ಯ ಸರಕಾರ ವಹಿಸಿಕೊಂಡ ಮೇಲೆ 2022ರ ಏಪ್ರಿಲ್ 1ರಂದು ಕೆಲ್-ಇಎಂಎಲ್ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ವಿದ್ಯುತ್ ಯಂತ್ರಗಳ ಕೆಲಸ ಬಲ್ಲ ಕೈಗಳು ಜಿಲ್ಲೆಯಲ್ಲಿವೆ. ಮೈಲಾಟಿಯ ನಿರ್ವಹಣೆಗೆ, ಸ್ಕೂಟರ್ ಬ್ಯಾಟರಿಗಳ ಸರಿಯಾದ ರಿಪೇರಿಗೆ, ಹಳೆಯ ಬ್ಯಾಟರಿ ಪರೀಕ್ಷೆಗೆ ಇಲ್ಲಿನ ಐಟಿಐ, ಪಾಲಿಟೆಕ್ನಿಕ್ ಮಕ್ಕಳಿಗೆ ತರಬೇತಿ ಕೊಟ್ಟರೆ ಗುಡ್ಡೆ ಕರಗಿಸದೆ ನಾಲ್ಕು ಜನರಿಗೆ ಕೆಲಸ ಆದೀತು.

ಮನೆಯಲ್ಲಿ ಮಾಡಬೇಕಾದದ್ದು

ಸರಕಾರ, ಕಂಪೆನಿಗಳ ವಿಷಯ ಹಾಗಿರಲಿ. ಸ್ಕೂಟರ್ ಇರುವ ಮನೆಯವರಿಗೆ ಇಷ್ಟು ಮಾತು. ಕೊಳ್ಳುವಾಗ ಎಐಎಸ್-156 ತಿದ್ದುಪಡಿಯ ಪ್ರಕಾರ ಪರೀಕ್ಷೆಯಾದ ಬ್ಯಾಟರಿಯೇ ಎಂದು ಕೇಳಿ, ಯಾವ ಜಾತಿಯ ಸೆಲ್ ಎಂದೂ ಕೇಳಿ. ಗಾಡಿಯ ಜೊತೆ ಕೊಟ್ಟ ಚಾರ್ಜರನ್ನೇ ಬಳಸಿ. ಮಲಗುವ ಕೋಣೆಯಲ್ಲಿ, ಮೆಟ್ಟಿಲ ಬುಡದಲ್ಲಿ, ಮನೆಯ ಒಂದೇ ಬಾಗಿಲಿನ ಎದುರು ಚಾರ್ಜಿಗಿಡಬೇಡಿ. ದೂರ ಓಡಿಸಿ ಬಂದ ಕೂಡಲೇ ಪ್ಲಗ್ ಹಾಕದೆ ಅರ್ಧ ಗಂಟೆ ತಣಿಯಲು ಬಿಡಿ. ನೆರೆನೀರಿನಲ್ಲಿ ಮುಳುಗಿದ ಗಾಡಿಯನ್ನು ತೋರಿಸದೆ ಚಾರ್ಜ್ ಮಾಡಲೇಬೇಡಿ. ಬ್ಯಾಟರಿ ಉಬ್ಬಿದ್ದರೆ, ವಿಚಿತ್ರ ವಾಸನೆ ಬಂದರೆ ಬಳಕೆ ನಿಲ್ಲಿಸಿ. ಹೊಗೆ ಕಂಡರೆ ಗಾಡಿ ಉಳಿಸಲು ಹೋಗದೆ ಮಕ್ಕಳು ಮುದುಕರನ್ನು ಕರೆದುಕೊಂಡು ಹೊರಗೆ ಹೋಗಿ 101ಕ್ಕೆ ಫೋನ್ ಮಾಡಿ. ವೆಲ್ಲೂರಿನಲ್ಲಿ ಜೀವ ತೆಗೆದದ್ದು ಹೊಗೆ ಎಂಬುದು ನೆನಪಿರಲಿ.

ಪೊರೆಗೆ ಲೇಪ ಹಾಕಿದವರು ತಮ್ಮ ಕೆಲಸ ಮಾಡಿದ್ದಾರೆ. ಅವರು ಉಳಿಸಿಕೊಟ್ಟ ಆ ಕೆಲವು ನಿಮಿಷಗಳಲ್ಲಿ ಮೈಲಾಟಿಯಲ್ಲಿ ಯಾರು ಏನು ಮಾಡಬೇಕೆಂದು ಈಗಲೇ ಬರೆದಿಡಬೇಕು, ಊರವರ ಎದುರು ಓದಿ ಹೇಳಬೇಕು. ಮುಂದಿನ ಗ್ರಾಮಸಭೆಗೆ ಹೋಗುವವರು ಮೇಲಿನ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಲಿ.